ಸಂದೇಶ ಆ್ಯಪ್‌ಗಳ ಸುಧಾರಣೆಗೆ ಬಳಕೆದಾರರ ಸಲಹೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಿದವರು ಯಾರು? ನೀವು ಆ್ಯಪ್ ಕಂಪನಿಯ ಕಡೆಯವರೇ?

ಅಲ್ಲ. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ವಾಟ್ಸಾಪ್, ಟೆಲಿಗ್ರಾಂ ಮೊದಲಾದ ಆ್ಯಪ್‌ಗಳನ್ನು ದಿನವೂ ಬಳಸುವವರು ತಮ್ಮ ತೊಂದರೆಗಳನ್ನು ತಯಾರಕರಿಗೆ ಅರ್ಥವಾಗುವ ಹಾಗೆ ಬರೆದು ಕಳುಹಿಸಲು ನೆರವಾಗುವ ಕೆಲವರು ಸೇರಿ ಇದನ್ನು ಬರೆದಿದ್ದೇವೆ. ನಮ್ಮ ಬಳಿ ಬರುವ ಸಲಹೆಗಳಲ್ಲಿ ಹುರುಳಿರುವಂಥವೇ ಹೆಚ್ಚು. ಆದರೆ ಬಹುತೇಕರು ತಮಗೆ ಯಾವ ಬಟನ್ ಬೇಕು ಎಂಬುದನ್ನಷ್ಟೇ ಬರೆದು, ಯಾವ ಕೆಲಸ ಎಲ್ಲಿ ನಿಂತುಹೋಯಿತು ಎಂಬುದನ್ನು ಬಿಟ್ಟುಬಿಡುತ್ತಾರೆ. ತಯಾರಕರಿಗೆ ಮೊದಲು ಬೇಕಾಗಿರುವುದು ಆ ಎರಡನೆಯ ಸಂಗತಿ.

ಸಲಹೆಯನ್ನು ಎಲ್ಲಿಗೆ ಕಳುಹಿಸಬೇಕು?

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್ ಒಳಗಿರುವ ಸಹಾಯ ವಿಭಾಗದಿಂದಲೇ ಕಂಪನಿಗೆ ಬರೆಯಬಹುದು. ಅಲ್ಲಿಂದ ಬರೆದರೆ ಫೋನಿನ ಮಾದರಿ, ಆ್ಯಪ್‌ನ ಆವೃತ್ತಿ ಮುಂತಾದ ತಾಂತ್ರಿಕ ವಿವರಗಳನ್ನು ಜೊತೆಗೆ ಸೇರಿಸುವ ಅನುಕೂಲವೂ ಇದೆ. ಟೆಲಿಗ್ರಾಂ ದೋಷಗಳಿಗೂ ಸಲಹೆಗಳಿಗೂ ಪ್ರತ್ಯೇಕ ತಾಣವನ್ನೇ ಇಟ್ಟಿದ್ದು, ಅಲ್ಲಿ ಒಬ್ಬರು ಬರೆದ ಸಲಹೆಗೆ ಉಳಿದವರು ಮತ ಹಾಕಬಹುದಾದ್ದರಿಂದ, ಹೊಸದಾಗಿ ಬರೆಯುವ ಮೊದಲು ಅದೇ ಸಲಹೆ ಅಲ್ಲಿದೆಯೇ ಎಂದು ಹುಡುಕಿ ನೋಡುವುದು ಒಳ್ಳೆಯದು. ಸಿಗ್ನಲ್ ಎಂಬ ಸಂದೇಶ ಆ್ಯಪ್ ಅನ್ನು ನಡೆಸುತ್ತಿರುವುದು ಲಾಭರಹಿತ ಪ್ರತಿಷ್ಠಾನ. ಅದರ ಸೋರ್ಸ್ ಕೋಡ್ ಎಲ್ಲರೂ ನೋಡುವಂತೆ ಬಹಿರಂಗವಾಗಿರುವುದರಿಂದ, ತಂತ್ರಾಂಶ ಬಲ್ಲವರು ದೋಷ ಎಲ್ಲಿದೆ ಎಂಬುದನ್ನೇ ಬೊಟ್ಟುಮಾಡಿ ತೋರಿಸಬಹುದು. ಪ್ಲೇ ಸ್ಟೋರ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟು ‘ವೇಸ್ಟ್ ಆ್ಯಪ್’ ಎಂದು ಬರೆದರೆ ನಿಮ್ಮ ಸಿಟ್ಟು ತಿಳಿಯುತ್ತದೆ, ಅದರಾಚೆ ಏನೂ ತಿಳಿಯುವುದಿಲ್ಲ.

ಸಲಹೆಗೂ ದೂರಿಗೂ ವ್ಯತ್ಯಾಸವಿದೆಯೇ?

ಇದೆ, ಮತ್ತು ಇದನ್ನು ಬೆರೆಸಿದರೆ ಎರಡೂ ಕೆಡುತ್ತವೆ. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿದ 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ನಿಗದಿತ ಅವಧಿಯಲ್ಲಿ ಅದನ್ನು ಇತ್ಯರ್ಥಪಡಿಸಬೇಕು. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಯ ಮುಂದೆ ಹೋಗಬಹುದು. ನಿಮ್ಮ ಖಾತೆ ಮುಚ್ಚಲಾಗಿದೆ, ಯಾರೋ ನಿಮ್ಮ ಹೆಸರು ಮತ್ತು ಭಾವಚಿತ್ರ ಹಾಕಿಕೊಂಡು ಹಣ ಕೇಳುತ್ತಿದ್ದಾರೆ ಎಂಬಂಥವು ಈ ದಾರಿಗೆ ಸೇರಿದವು. ಹಣ ಈಗಾಗಲೇ ಹೋಗಿದ್ದರೆ ಆ್ಯಪ್‌ಗೆ ಬರೆಯುತ್ತ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆದರೆ ‘ಈ ಸೌಲಭ್ಯ ಇದ್ದರೆ ಚೆನ್ನಾಗಿತ್ತು’ ಎಂಬ ಸಲಹೆಗೆ ಉತ್ತರಿಸಲೇಬೇಕೆಂಬ ಗಡುವು ಯಾವ ನಿಯಮದಲ್ಲಿಯೂ ಇಲ್ಲ.

ಒಳ್ಳೆಯ ಸಲಹೆಯನ್ನು ಬರೆಯುವುದು ಹೇಗೆ? ಒಂದು ಉದಾಹರಣೆ ಕೊಡಬಹುದೇ?

ತೊಗರಿ ಬೆಳೆಗಾರರ ಗ್ರೂಪ್ ಒಂದನ್ನು ಊಹಿಸಿಕೊಳ್ಳಿ. ಅದರ ಅಡ್ಮಿನ್ ‘ಗ್ರೂಪ್ ಸರಿ ಮಾಡ್ರಿ, ಮುಖ್ಯ ಮೆಸೇಜ್ ಕಾಣಂಗಿಲ್ಲ’ ಎಂದು ಬರೆದರೆ ಓದಿದವರು ಏನನ್ನೂ ಮಾಡಲಾರರು. ಅವರೇ ಹೀಗೆ ಬರೆದರು ಎನ್ನೋಣ: ‘ನಮ್ಮ ಗ್ರೂಪಿನಲ್ಲಿ ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳ ತೊಗರಿ ಬೆಳೆಗಾರರಿದ್ದಾರೆ. ರಾಶಿಯಾಗಿ ಮಾಲು ಬರಲು ತೊಡಗುವ ಡಿಸೆಂಬರ್‌ನಿಂದ ಪ್ರತಿದಿನ ಕಲಬುರಗಿ ಗಂಜಿನ (ಮಾರುಕಟ್ಟೆಯ) ಧಾರಣೆಯನ್ನು ಹಾಕುತ್ತೇವೆ. ಮೊನ್ನೆಯ ಧಾರಣೆಯನ್ನು ಯಾರೋ ಇಂದು ಫಾರ್ವರ್ಡ್ ಮಾಡಿದರೆ ಅದರ ಮೇಲೆ ಇಂದಿನ ಸಮಯವೇ ಕಾಣುವುದರಿಂದ, ಹಳೆಯ ದರವನ್ನು ಇಂದಿನದೆಂದು ನಂಬಿ ರೈತರು ಚೀಲ ಹೇರಿಕೊಂಡು ಹೊರಡುತ್ತಾರೆ. ಸಂದೇಶ ಬರೆಯುವವರೇ ಅದು ಎಂದಿನವರೆಗೆ ಸಲ್ಲುತ್ತದೆ ಎಂದು ಗೊತ್ತುಮಾಡುವಂತಿದ್ದು, ಎಷ್ಟು ಸಲ ಫಾರ್ವರ್ಡ್ ಆದರೂ ಆ ಗುರುತು ಅದರೊಂದಿಗೇ ಹೋಗುವಂತಿದ್ದರೆ ಈ ತೊಂದರೆ ತಪ್ಪುತ್ತದೆ.’

ಈ ಎರಡನೆಯ ಬರಹದಲ್ಲಿ ಯಾರಿಗೆ, ಯಾವಾಗ, ಏನು ಮಾಡಲು ಹೋದಾಗ, ಏನಾಯಿತು ಎಂಬುದೆಲ್ಲ ಇದೆ. ಪರಿಹಾರ ಕೊನೆಯಲ್ಲಿ ಬಂದಿದೆ. ತಯಾರಕರು ಆ ಪರಿಹಾರವನ್ನು ಒಪ್ಪದಿದ್ದರೂ ತೊಂದರೆಯನ್ನು ಮರೆಯಲಾರರು, ಬಹುಶಃ ನಮಗೆ ಹೊಳೆಯದ ಇನ್ನೊಂದು ದಾರಿಯನ್ನು ಅವರೇ ಕಂಡುಕೊಂಡಾರು. ಇಷ್ಟರ ಜೊತೆಗೆ, ಈಗಿರುವ ಸೌಲಭ್ಯ ಏಕೆ ಸಾಲದು ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಬೇಕು. ಮೇಲಿನ ಪ್ರಸಂಗದಲ್ಲಿ ಸಂದೇಶವನ್ನು ಪಿನ್ ಮಾಡಬಹುದಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಪಿನ್ ಆ ಒಂದು ಗ್ರೂಪಿಗೆ ಮಾತ್ರ ಸಲ್ಲುತ್ತದೆ, ಫಾರ್ವರ್ಡ್ ಆದ ಪ್ರತಿಗೆ ಅದು ತಗಲುವುದಿಲ್ಲ. ತಾನಾಗಿ ಮಾಯವಾಗುವ ಸಂದೇಶಗಳ ಸೌಲಭ್ಯವೂ ಇಡೀ ಮಾತುಕತೆಗೆ ಅನ್ವಯಿಸುವಂಥದು. ಅಲ್ಲಿಂದ ಬೇರೆ ಗ್ರೂಪಿಗೆ ದಾಟಿದ ಪ್ರತಿ ಅಲ್ಲಿ ಉಳಿದೇ ಇರುತ್ತದೆ.

ನಾವು ಕೇಳುವ ಸೌಲಭ್ಯ ಈಗಾಗಲೇ ಇದ್ದರೆ?

ಹೀಗಾಗುವುದು ಬಹಳ ಸಾಮಾನ್ಯ. ಕಳುಹಿಸಿದ ಸಂದೇಶವನ್ನು ತಿದ್ದಲು ಬರಬೇಕು ಎಂದು ಈಗಲೂ ಕೇಳುವವರಿದ್ದಾರೆ. ವಾಟ್ಸಾಪ್‌ನಲ್ಲಿ 2023ರಿಂದ, ಕಳುಹಿಸಿದ 15 ನಿಮಿಷದೊಳಗೆ ತಿದ್ದಬಹುದು. ಕೇಳದೆ ಗ್ರೂಪಿಗೆ ಸೇರಿಸುವವರ ಕಾಟವನ್ನು ತಡೆಯುವ ಸೆಟ್ಟಿಂಗ್ 2019ರಿಂದಲೂ ಇದೆ. ಎಲ್ಲರಿಗೂ ಸಾರಿಕೊಳ್ಳದೆ, ಅಡ್ಮಿನ್‌ಗಳಿಗೆ ಮಾತ್ರ ತಿಳಿಯುವಂತೆ ಗ್ರೂಪ್ ಬಿಡುವ ಅನುಕೂಲ 2022ರಲ್ಲಿ ಬಂತು. ಅಡ್ಮಿನ್‌ಗಳಷ್ಟೇ ಬರೆಯುವ ಗ್ರೂಪ್ ಮಾಡಿಕೊಂಡರೆ ಶಾಲೆಯ ಸೂಚನೆಯ ಕೆಳಗೆ ‘ಓಕೆ ಸರ್’ ಎಂಬ ಸಾಲುಗಳ ಮೆರವಣಿಗೆಯೂ ನಿಲ್ಲುತ್ತದೆ.

ಆದರೂ ಇಂಥ ಸಲಹೆಗಳನ್ನು ನಾವು ಕಸದ ಬುಟ್ಟಿಗೆ ಹಾಕುವುದಿಲ್ಲ. ಇರುವ ಸೌಲಭ್ಯ ಬಳಕೆದಾರರ ಕಣ್ಣಿಗೆ ಬೀಳದಿದ್ದರೆ ಅದನ್ನು ಇಟ್ಟ ಜಾಗ ಸರಿಯಿಲ್ಲ ಎಂದೇ ಅರ್ಥ. ಆದ್ದರಿಂದ ‘ಇದು ಸೆಟ್ಟಿಂಗ್ಸ್‌ನ ಮೂರನೆಯ ಪದರದಲ್ಲಿ ಅಡಗಿದೆ; ಗ್ರೂಪಿಗೆ ಸೇರಿಸಲ್ಪಟ್ಟ ಆ ಕ್ಷಣದಲ್ಲೇ ಇದನ್ನು ತೋರಿಸಿ’ ಎಂದು ತಿರುಗಿಸಿ ಬರೆದು ಕಳುಹಿಸುವಂತೆ ಹೇಳುತ್ತೇವೆ.

ಕನ್ನಡದಲ್ಲಿ ಬರೆದ ಸಂದೇಶವನ್ನು ಹುಡುಕಿದರೆ ಕೆಲವೊಮ್ಮೆ ಸಿಗುವುದಿಲ್ಲ. ಇದು ಫೋನಿನ ದೋಷವೇ, ಆ್ಯಪ್‌ನ ದೋಷವೇ?

ಹೆಚ್ಚಾಗಿ ಹುಡುಕಾಟದ ವ್ಯವಸ್ಥೆಯ ಕೊರತೆ. ಕಣ್ಣಿಗೆ ಒಂದೇ ಆಗಿ ಕಾಣುವ ಕನ್ನಡ ಪದವನ್ನು ಯಂತ್ರ ಎರಡು ಬಗೆಯಲ್ಲಿ ದಾಖಲಿಸಿಕೊಂಡಿರಬಹುದು. ಪ್ರತಿ ಅಕ್ಷರ ಚಿಹ್ನೆಗೂ ಒಂದು ಸಂಕೇತ ಗೊತ್ತುಮಾಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ತೊ’ ಎಂಬಲ್ಲಿನ ಒಕಾರದ ಗುರುತಿಗೆ ಒಂದೇ ಸಂಕೇತವಿದೆ. ಅದನ್ನೇ ಎಕಾರ ಮತ್ತು ಊಕಾರಗಳ ಗುರುತುಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಹೇಳಿದ್ದರೂ, ಹುಡುಕುವ ಮೊದಲು ಅವನ್ನು ಒಂದೇ ರೂಪಕ್ಕೆ ತರುವ ಕೆಲಸವನ್ನು ಆ್ಯಪ್ ಮಾಡದಿದ್ದರೆ ‘ತೊಗರಿ’ ಎಂದು ಹುಡುಕಿದಾಗ ಒಂದು ರೂಪದ್ದು ಸಿಕ್ಕು ಇನ್ನೊಂದು ಉಳಿದುಹೋಗುತ್ತದೆ. ಒತ್ತಕ್ಷರಗಳ ನಡುವೆ ಕೀಬೋರ್ಡ್ ಸೇರಿಸುವ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳದ್ದೂ ಇದೇ ಕಥೆ. ಒಬ್ಬರ ಕೀಬೋರ್ಡ್ ಅವನ್ನು ಹಾಕುತ್ತದೆ, ಮತ್ತೊಬ್ಬರದು ಹಾಕುವುದಿಲ್ಲ. ಇದು ಸರಿಪಡಿಸಲು ಕಷ್ಟವಾದ ದೋಷವೂ ಅಲ್ಲ, ಗೋಪ್ಯತೆಗೆ ಧಕ್ಕೆ ತರುವಂಥದೂ ಅಲ್ಲ. ನೀವು ಹುಡುಕಿದ ಪದ, ಸಿಗದೆ ಹೋದ ಸಂದೇಶ, ಎರಡೂ ಕಡೆ ಬಳಸಿದ ಕೀಬೋರ್ಡಿನ ಹೆಸರು, ಇಷ್ಟನ್ನು ಬರೆದು ಕಳುಹಿಸಿದರೆ ತಯಾರಕರು ತಮ್ಮ ಮೇಜಿನ ಮೇಲೆಯೇ ಅದನ್ನು ಮರಳಿ ಕಾಣಬಹುದು. ನಾವು ಮುಂದಕ್ಕೆ ಕಳುಹಿಸುವ ಸಲಹೆಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇವೆ.

ಅಕ್ಷರದ ಗಾತ್ರ ಹೆಚ್ಚಿಸಿಕೊಂಡ ಹಿರಿಯರ ಫೋನುಗಳಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಾಣುವುದನ್ನೂ ಇಲ್ಲಿಯೇ ಹೇಳಬೇಕು. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳತೆಮಾಡಿ ಸಾಲಿನ ಜಾಗ ಬಿಟ್ಟರೆ ‘ಸ್ತ್ರೀ’ ಎಂಬಂಥ ಅಕ್ಷರಕ್ಕೆ ಅದು ಸಾಲುವುದಿಲ್ಲ. ಇದಕ್ಕೆ ಒಂದು ಸ್ಕ್ರೀನ್‌ಶಾಟ್ ಸಾಕು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಇದನ್ನು ಸಲಹೆಯಾಗಿ ಕಳುಹಿಸಬಹುದೇ?

ಕಳುಹಿಸಿ ಪ್ರಯೋಜನವಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳು ಆ ಫಾಂಟ್ ಇರುವಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತವೆ. ಕಳುಹಿಸುವ ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ ಅಥವಾ ಪಿಡಿಎಫ್ ಮಾಡಿ ಕಳುಹಿಸಿ.

ಒಂದೇ ಸಂದೇಶದಲ್ಲಿ ಉರ್ದು, ಕನ್ನಡ ಮತ್ತು ಅಂಕಿಗಳು ಬಂದರೆ ಎಲ್ಲವೂ ಅದಲುಬದಲಾಗುತ್ತದೆ. ಇದಕ್ಕೆ ಏನು ಮಾಡಬೇಕು?

ನಮ್ಮ ಭಾಗದ ಬಳಕೆದಾರರಷ್ಟು ಸಲೀಸಾಗಿ ಲಿಪಿಗಳನ್ನು ಬೆರೆಸುವವರು ಕರ್ನಾಟಕದ ಬೇರೆಡೆ ಕಡಿಮೆ. ಬೀದರ್‌ನ ಒಂದು ಅಂಗಡಿಯ ಗ್ರೂಪಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಬೆಳಿಗ್ಗೆ ಕಾಣಿಸಿಕೊಳ್ಳುವುದು ಸಹಜ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ, ಕನ್ನಡ ಎಡದಿಂದ ಬಲಕ್ಕೆ. ಇಡೀ ಸಂದೇಶದ ದಿಕ್ಕನ್ನು ಅದರ ಮೊದಲ ಅಕ್ಷರ ನೋಡಿ ತೀರ್ಮಾನಿಸುವ ಪದ್ಧತಿಯನ್ನು ಆ್ಯಪ್ ಅನುಸರಿಸಿದರೆ, ಉರ್ದು ಹೆಸರಿನಿಂದ ಶುರುವಾದ ಸಂದೇಶದೊಳಗಿನ ಕನ್ನಡ ಸಾಲುಗಳೂ ದರದ ಅಂಕಿಗಳೂ ಜಾಗ ಬದಲಿಸಿಕೊಂಡು ‘ಎಷ್ಟು ಚೀಲಕ್ಕೆ ಎಷ್ಟು ರೂಪಾಯಿ’ ಎಂಬುದೇ ತಲೆಕೆಳಗಾಗುತ್ತದೆ. ಪ್ರತಿ ಸಾಲಿನ ದಿಕ್ಕನ್ನು ಬೇರೆಯಾಗಿ ತೀರ್ಮಾನಿಸಿ ಎಂಬುದು ಇಲ್ಲಿ ಕೇಳಬೇಕಾದ ಸಲಹೆ. ಅಲ್ಲಿಯವರೆಗೆ, ಬೇರೆ ಲಿಪಿಯ ಮಾತನ್ನು ಬೇರೆ ಸಂದೇಶವಾಗಿ ಕಳುಹಿಸುವುದು ಕ್ಷೇಮ, ಅದರಲ್ಲೂ ಹಣದ ಲೆಕ್ಕವಿದ್ದಾಗ.

ಓದಲು ಬಾರದವರು ಧ್ವನಿ ಸಂದೇಶಗಳನ್ನೇ ಬಳಸುತ್ತಾರೆ. ಅವರಿಗಾಗಿ ಯಾವ ಸಲಹೆ ಕಳುಹಿಸಬಹುದು?

ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ದುಡಿಯಲು ಹೋದವರ ಮತ್ತು ಊರಲ್ಲಿ ಉಳಿದವರ ನಡುವಿನ ಮಾತುಕತೆಯ ಬಹುಪಾಲು ನಡೆಯುವುದು ಧ್ವನಿ ಸಂದೇಶಗಳಲ್ಲಿಯೇ. ತಾಂಡಾಗಳಲ್ಲಂತೂ ಲಂಬಾಣಿ ಭಾಷೆಗೆ ಸ್ವಂತ ಲಿಪಿಯಿಲ್ಲದಿರುವುದರಿಂದ, ಅಕ್ಷರ ಬಲ್ಲವರೂ ಮನೆಯವರೊಡನೆ ಧ್ವನಿಯಲ್ಲೇ ಮಾತನಾಡುತ್ತಾರೆ. ತಯಾರಕರು ಇವರನ್ನು ಅರೆಮನಸ್ಸಿನ ಬಳಕೆದಾರರೆಂದು ಭಾವಿಸದಂತೆ ಮಾಡುವುದೇ ನಮ್ಮ ಕೆಲಸ. ಎರಡು ವಾರದ ಹಿಂದಿನ ಧ್ವನಿ ಸಂದೇಶವೊಂದನ್ನು ಮತ್ತೆ ಹುಡುಕಲು ಇವರಿಗೆ ದಾರಿಯೇ ಇಲ್ಲ. ಎಲ್ಲವೂ ಒಂದೇ ಥರದ ಗೆರೆಗಳಾಗಿ ಕಾಣುತ್ತವೆ. ಧ್ವನಿ ಸಂದೇಶಕ್ಕೆ ಒಂದು ಬಣ್ಣವನ್ನೋ ಚಿತ್ರವನ್ನೋ ಅಂಟಿಸಿ, ಆಮೇಲೆ ಆ ಗುರುತಿನಿಂದಲೇ ಹುಡುಕುವಂತಿರಬೇಕು ಎಂಬುದು ನಮ್ಮ ಬಳಿ ಬಂದ ಸಲಹೆಗಳಲ್ಲಿ ನಮಗೆ ಅತ್ಯಂತ ಹಿಡಿಸಿದ್ದು. ಅದಕ್ಕೆ ಅಕ್ಷರವೇ ಬೇಕಿಲ್ಲ.

ಧ್ವನಿಯನ್ನು ಬರಹವಾಗಿಸುವ ಸೌಲಭ್ಯವನ್ನು ವಾಟ್ಸಾಪ್ 2024ರ ನವೆಂಬರ್‌ನಲ್ಲಿ ಘೋಷಿಸಿತು. ಆ ಕೆಲಸ ಫೋನಿನೊಳಗೇ ನಡೆಯುವುದರಿಂದ ಧ್ವನಿ ಹೊರಗೆ ಹೋಗುವುದಿಲ್ಲ ಎಂಬುದು ಅದರ ಒಳ್ಳೆಯ ಅಂಶ. ಕನ್ನಡಕ್ಕೂ ಅದು ಚೆನ್ನಾಗಿ ಒದಗಬೇಕೆಂದು ಕೇಳುವಾಗ ‘ಕನ್ನಡ’ ಎಂದಷ್ಟೇ ಬರೆದು ನಿಲ್ಲಬೇಡಿ. ‘ಹೋಗಂಗಿಲ್ಲ’, ‘ಬರ್ಲಿಕತ್ತಾರ’ ಎಂಬ ನಮ್ಮ ಮಾತು ಬೆಂಗಳೂರಿನ ಕನ್ನಡದ ಮೇಲೆ ಪಳಗಿದ ಯಂತ್ರಕ್ಕೆ ದಕ್ಕುವುದು ಕಷ್ಟ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ ಜಿಲ್ಲೆಜಿಲ್ಲೆಗಳ ಮಾತನ್ನು ಸಂಗ್ರಹಿಸಲು ಹೊರಟಿರುವುದು ಇದೇ ಕಾರಣಕ್ಕೆ.

ಫೋನ್ ತುಂಬಿ ಆ್ಯಪ್ ನಿಂತುಹೋಗುತ್ತದೆ. ಇದಕ್ಕೆ ಪರಿಹಾರ ಕೇಳಬಹುದೇ?

ಕೇಳಬಹುದು, ಆದರೆ ಮೊದಲು ಚಿತ್ರ ಮತ್ತು ವಿಡಿಯೊಗಳು ತಾವಾಗಿ ಇಳಿಯುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ವಾಟ್ಸಾಪ್‌ನ ಸಂಗ್ರಹ ನಿರ್ವಹಣೆಯಲ್ಲಿ 5 ಎಂಬಿಗಿಂತ ದೊಡ್ಡ ಕಡತಗಳನ್ನೂ ಹಲವು ಬಾರಿ ಫಾರ್ವರ್ಡ್ ಆದವನ್ನೂ ಬೇರೆಯಾಗಿ ತೋರಿಸುತ್ತಾರೆ. ಅಲ್ಲಿಂದ ಅಳಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್ ಖಾತೆಯ ಉಚಿತ 15 ಜಿಬಿಯೊಳಗೇ ಲೆಕ್ಕಕ್ಕೆ ಬರುವುದರಿಂದ, ಶುಭೋದಯದ ಚಿತ್ರಗಳು ಮಗುವಿನ ಫೋಟೊಗಳ ಜಾಗವನ್ನು ತಿನ್ನುತ್ತಿರುತ್ತವೆ. ಒಂದು ಗ್ರೂಪಿನ ಚಿತ್ರಗಳು ಇಷ್ಟು ದಿನಗಳ ನಂತರ ಫೋನಿನಿಂದ ಅಳಿಯಲಿ, ಮಾತು ಮಾತ್ರ ಉಳಿಯಲಿ ಎಂದು ಪ್ರತಿ ಗ್ರೂಪಿಗೂ ಬೇರೆ ಬೇರೆಯಾಗಿ ಹೇಳುವ ಅವಕಾಶವನ್ನು ಕೇಳುವುದು ನ್ಯಾಯವಾಗಿದೆ.

ಸುಳ್ಳು ಸುದ್ದಿಯನ್ನು ಮೊದಲು ಹರಿಬಿಟ್ಟವರು ಯಾರೆಂದು ಆ್ಯಪ್ ತೋರಿಸಬೇಕು ಎಂಬ ಸಲಹೆಯನ್ನು ನೀವು ಏಕೆ ಮುಂದಕ್ಕೆ ಕಳುಹಿಸುವುದಿಲ್ಲ?

ಈ ಪ್ರಶ್ನೆಯ ಹಿಂದಿರುವ ನೋವು ನಮ್ಮ ನೆಲದ್ದೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸಾಪ್ ಮೂಲಕ ಹಬ್ಬಿ, ಹೈದರಾಬಾದಿನ ಯುವಕನೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಆ ವರ್ಷ ದೇಶದ ಹಲವೆಡೆ ಇಂಥ ಕೊಲೆಗಳು ನಡೆದಿದ್ದವು. ಅದೇ ತಿಂಗಳು ವಾಟ್ಸಾಪ್ ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಾಕತೊಡಗಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಪ್ರಕಟಿಸಿ, ಚಿತ್ರ ಮತ್ತು ವಿಡಿಯೊಗಳ ಪಕ್ಕದಲ್ಲಿದ್ದ ಶೀಘ್ರ ಫಾರ್ವರ್ಡ್ ಬಟನ್ನನ್ನು ತೆಗೆಯುವುದಾಗಿ ಹೇಳಿತು. 2019ರಲ್ಲಿ 5ರ ಮಿತಿ ಜಗತ್ತಿಗೆಲ್ಲ ಅನ್ವಯವಾಯಿತು. ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವ ನಿರ್ಬಂಧ 2020ರ ಏಪ್ರಿಲ್‌ನಲ್ಲಿ ಬಂತು.

ಈ ಎಲ್ಲ ಕ್ರಮಗಳು ಸಂದೇಶದ ವೇಗವನ್ನು ತಗ್ಗಿಸಿದವು. ಒಳಗೇನಿದೆ ಎಂದು ಇಣುಕಲಿಲ್ಲ. ಮೂಲ ಕಳುಹಿಸಿದವರನ್ನು ಗುರುತಿಸಬೇಕೆಂದರೆ ಪ್ರತಿಯೊಬ್ಬರ ಪ್ರತಿ ಸಂದೇಶಕ್ಕೂ ಅಳಿಸಲಾಗದ ಗುರುತು ಇಟ್ಟುಕೊಳ್ಳಬೇಕಾಗುತ್ತದೆ, ಏಕೆಂದರೆ ಯಾವ ಸಂದೇಶ ನಾಳೆ ವದಂತಿಯಾದೀತು ಎಂದು ಇಂದೇ ಯಾರೂ ಬಲ್ಲವರಿಲ್ಲ. 2021ರ ನಿಯಮಗಳು ನ್ಯಾಯಾಲಯದ ಅಥವಾ ಅಧಿಕೃತ ಆದೇಶವಿದ್ದಾಗ ಇದನ್ನು ಮಾಡಿಕೊಡಬೇಕೆನ್ನುತ್ತವೆ. ವಾಟ್ಸಾಪ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಅದು ನ್ಯಾಯಾಲಯದ ವಿಚಾರ. ಸಾಮಾನ್ಯ ಬಳಕೆದಾರರ ಕೈಗೇ ಆ ಗುರುತನ್ನು ಕೊಡಿ ಎಂಬುದು ಬೇರೆ ಮಾತು; ಸಂದೇಶ ಯಾರಿಂದ ಹೊರಟಿತೆಂದು ಉದ್ರಿಕ್ತ ಗುಂಪಿಗೆ ತಿಳಿದರೆ ಮುಂದಿನ ಪೆಟ್ಟು ಆ ಮನೆಯ ಬಾಗಿಲಿಗೆ ಬೀಳುತ್ತದೆ. ಬದಲಾಗಿ, ಹಲವು ಕೈ ದಾಟಿದ ವಿಡಿಯೊ ಮೊದಲು ಯಾವ ತಿಂಗಳಲ್ಲಿ ಹೊರಟಿತು ಎಂಬ ಕಾಲದ ಗುರುತನ್ನಷ್ಟೇ, ಹೆಸರಿಲ್ಲದೆ, ತೋರಿಸಬಹುದೇ ಎಂದು ಕೇಳಲು ಸೂಚಿಸುತ್ತೇವೆ. ಬೇರೆ ರಾಜ್ಯದ ಹಳೆಯ ವಿಡಿಯೊವನ್ನು ‘ನಿನ್ನೆ ರಾತ್ರಿ ನಮ್ಮೂರಲ್ಲಿ’ ಎಂದು ಹಂಚುವ ಚಾಳಿಗೆ ಅದರಿಂದಲೇ ಪೆಟ್ಟು ಬಿದ್ದೀತು.

ಅಳಿಸಿದ ಸಂದೇಶವನ್ನು ನೋಡುವ, ನೀಲಿ ಟಿಕ್ ಮುಚ್ಚಿಟ್ಟವರು ಓದಿದ್ದಾರೆಯೇ ಎಂದು ತಿಳಿಯುವ ಸೌಲಭ್ಯ ಕೇಳಬಹುದೇ?

ಕೇಳುವ ಸ್ವಾತಂತ್ರ್ಯ ನಿಮಗಿದೆ. ನಾವು ಅದನ್ನು ಬರೆದುಕೊಡುವುದಿಲ್ಲ. ಇಂಥದನ್ನು ಮಾಡಿಕೊಡುತ್ತೇವೆಂದು ಹೇಳುವ ಮಾರ್ಪಡಿಸಿದ ಆ್ಯಪ್‌ಗಳನ್ನು ಹಾಕಿಕೊಂಡರೆ ಖಾತೆಯೇ ಮುಚ್ಚಿಹೋಗಬಹುದು.

ಸ್ವಸಹಾಯ ಸಂಘದ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಇದನ್ನು ತಪ್ಪಿಸುವಂತೆ ಕೇಳಬಹುದೇ?

ಖಂಡಿತವಾಗಿ ಕೇಳಬೇಕು. ಗ್ರೂಪಿಗೆ ಸೇರಿದ ಮಾತ್ರಕ್ಕೆ ಹೆಣ್ಣುಮಕ್ಕಳ ನಂಬರ್ ಅಪರಿಚಿತರ ಕೈಸೇರಿ, ರಾತ್ರಿ ಕರೆಗಳು ಶುರುವಾಗುವುದು, ಕೊನೆಗೆ ಮನೆಯವರು ಫೋನನ್ನೇ ಕಿತ್ತಿಟ್ಟುಕೊಳ್ಳುವುದು ನಮ್ಮಲ್ಲಿ ಅಪರೂಪವಲ್ಲ. ಟೆಲಿಗ್ರಾಂನಲ್ಲಿ ನಂಬರನ್ನು ಮರೆಮಾಡಬಹುದು. ಸಿಗ್ನಲ್ 2024ರಲ್ಲಿ ಬಳಕೆದಾರ ಹೆಸರುಗಳನ್ನು ತಂದು, ನಂಬರ್ ಕೊಡದೆಯೇ ಸಂಪರ್ಕದಲ್ಲಿರುವುದನ್ನು ಸಾಧ್ಯವಾಗಿಸಿತು. ಹಾಗಾಗಿ ಇದು ತಾಂತ್ರಿಕವಾಗಿ ಆಗದ ಕೆಲಸವೇನಲ್ಲ ಎಂದು ಸಲಹೆಯಲ್ಲಿಯೇ ನೆನಪಿಸಿ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಪರಿಸ್ಥಿತಿಯನ್ನೂ ಬರೆಯಿರಿ; ಒಂದು ಫೋನ್ ಎಂದರೆ ಒಬ್ಬರು ಎಂಬ ಊಹೆಯ ಮೇಲೆ ಕಟ್ಟಿದ ಸೌಲಭ್ಯಗಳು ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತವೆ.

ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಸಂದೇಶ ಹೋಗುವಂತೆ ಮಾಡಲು ಸಾಧ್ಯವೇ?

ಸಾಧ್ಯ. ಯುರೋಪಿನ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಮೂಲಕ ದೊಡ್ಡ ಆ್ಯಪ್‌ಗಳ ಮೇಲೆ ಈ ಹೊಣೆಯನ್ನು ಹೊರಿಸಿದೆ. ಇದು ಕಂಪನಿಗಿಂತ ಸರ್ಕಾರಕ್ಕೆ ಬರೆಯಬೇಕಾದ ಸಲಹೆ.

ಸಲಹೆ ಜಾರಿಯಾಗಲು ಎಷ್ಟು ಕಾಲ ಬೇಕು?

ವರ್ಷಗಳೇ ಹಿಡಿಯಬಹುದು. ಟೆಲಿಗ್ರಾಂನಲ್ಲಿ 2016ರಲ್ಲೇ ಇದ್ದ ತಿದ್ದುವ ಸೌಲಭ್ಯ ವಾಟ್ಸಾಪ್‌ಗೆ ಬರಲು 2023 ಆಯಿತು. ಸಾಮಾನ್ಯ ಟೆಲಿಗ್ರಾಂ ಸಂದೇಶಗಳು ಕಂಪನಿಯ ಸರ್ವರ್‌ನಲ್ಲಿಯೇ ಇರುವುದರಿಂದ ಅಲ್ಲಿ ತಿದ್ದಿದರೆ ಸಾಕು. ಕಳುಹಿಸಿದವರು ಮತ್ತು ಪಡೆದವರಷ್ಟೇ ಓದಬಲ್ಲಂತೆ ಗೂಢಲಿಪೀಕರಿಸಿದ ವಾಟ್ಸಾಪ್‌ನಂಥ ವ್ಯವಸ್ಥೆಯಲ್ಲಿ, ತಲುಪಿದ ಪ್ರತಿಯೊಂದು ಫೋನಿಗೂ ತಿದ್ದುಪಡಿಯನ್ನು ಹೊಸ ಸಂದೇಶದಂತೆಯೇ ಮುಟ್ಟಿಸಬೇಕು, ಹಳೆಯ ಆವೃತ್ತಿ ಬಳಸುವವರಿಗೂ ಅದು ಗೊಂದಲವಾಗಬಾರದು. ನಿಮ್ಮ ಸಲಹೆಗೆ ಯಾಂತ್ರಿಕ ಉತ್ತರವೊಂದೇ ಬಂದರೆ ಅದನ್ನು ತಿರಸ್ಕಾರವೆಂದು ತಿಳಿಯಬೇಡಿ. ಅದೇ ತೊಂದರೆ ಇರುವ ಇತರರು ತಮ್ಮ ತಮ್ಮ ಪ್ರಸಂಗವನ್ನು ತಮ್ಮದೇ ಮಾತಿನಲ್ಲಿ ಬರೆದು ಕಳುಹಿಸಲಿ. ಒಂದೇ ಒಕ್ಕಣೆಯನ್ನು ನೂರು ಜನ ನಕಲು ಮಾಡಿ ಕಳುಹಿಸಿದರೆ ಅದು ಬಹುಶಃ ಒಂದೇ ಸಲಹೆಯಾಗಿ ಲೆಕ್ಕಕ್ಕೆ ಬಂದೀತು.

ಸಲಹೆಯನ್ನು ಕನ್ನಡದಲ್ಲಿ ಬರೆಯಬಹುದೇ? ಸ್ಕ್ರೀನ್‌ಶಾಟ್ ಸೇರಿಸಬೇಕೇ?

ಕನ್ನಡದಲ್ಲಿಯೇ ಬರೆಯಿರಿ, ಕನ್ನಡದ ಹುಡುಕಾಟ, ಅಕ್ಷರ, ಧ್ವನಿಗಳ ಕುರಿತ ಸಲಹೆಗಳಿಗೆ ಅದೇ ಸಾಕ್ಷ್ಯವೂ ಆಗುತ್ತದೆ. ಜೊತೆಗೆ ಎರಡು ಸಾಲಿನ ಇಂಗ್ಲಿಷ್ ಸಾರಾಂಶವಿದ್ದರೆ ಸರಿಯಾದ ಮೇಜಿಗೆ ಬೇಗ ತಲುಪುತ್ತದೆ, ಅಷ್ಟೇ. ಸ್ಕ್ರೀನ್‌ಶಾಟ್ ಸೇರಿಸುವಾಗ ಇತರರ ಹೆಸರು, ನಂಬರ್, ಭಾವಚಿತ್ರಗಳನ್ನು ಗಾಢ ಬಣ್ಣದಿಂದ ಪೂರ್ತಿಯಾಗಿ ಮುಚ್ಚಿ. ತೆಳುವಾದ ಗೆರೆ ಎಳೆದರೆ ಚಿತ್ರವನ್ನು ದೊಡ್ಡದು ಮಾಡಿದಾಗ ಅಡಿಯ ಅಂಕಿಗಳು ಓದಲು ಸಿಗುತ್ತವೆ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್‌ನ ಆವೃತ್ತಿ ಮತ್ತು ಬಳಸುವ ಕೀಬೋರ್ಡಿನ ಹೆಸರನ್ನು ಕೊನೆಯ ಸಾಲಿನಲ್ಲಿ ಬರೆಯಿರಿ. ಒಟಿಪಿಯನ್ನು ಯಾರಾದರೂ ‘ಸಲಹೆ ದಾಖಲಿಸಲು’ ಎಂದು ಕೇಳಿದರೆ ಅವರು ಯಾವ ಕಂಪನಿಯವರೂ ಅಲ್ಲ, ನಮ್ಮವರೂ ಅಲ್ಲ. ಉತ್ತರ ಕೊಡದೆ ಆ ನಂಬರನ್ನು ಬ್ಲಾಕ್ ಮಾಡಿ.